ಹದಿಹರೆಯದವರಲ್ಲಿ ಮೆಟಬಾಲಿಕ್ ಸಿಂಡ್ರೋಮ್: ರಕ್ತ ಪರೀಕ್ಷೆ ಏನು ಹೇಳುತ್ತದೆ?

ಸೊಂಟದ ಸುತ್ತ ಬೊಜ್ಜು, ರಕ್ತದಲ್ಲಿ ಹೆಚ್ಚಿದ ಕೊಬ್ಬು ಮತ್ತು ಸಕ್ಕರೆ, ಏರಿದ ರಕ್ತದೊತ್ತಡ - ಇವು ಒಬ್ಬರಲ್ಲೇ ಒಟ್ಟಾಗಿ ಕಂಡುಬಂದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇದು ಒಂದೇ ಕಾಯಿಲೆಯಲ್ಲ. ಮುಂದೆ ಬರಬಹುದಾದ ಸಕ್ಕರೆ ಕಾಯಿಲೆ ಹಾಗೂ ಹೃದ್ರೋಗದ ಮುನ್ಸೂಚನೆಗಳ ಗುಂಪು. ನಡುವಯಸ್ಸಿನವರಿಗೆ ಮಾತ್ರ ಎಂದುಕೊಂಡಿದ್ದ ಈ ತೊಂದರೆ ಶಾಲಾ ಮಕ್ಕಳಲ್ಲೂ ಕಾಣಿಸುತ್ತಿದೆ.

ಅಳತೆಗಳು: ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ 2007ರಲ್ಲಿ ಮಕ್ಕಳಿಗಾಗಿ ಅಳತೆಗಳನ್ನು ಗೊತ್ತುಪಡಿಸಿತು. ಅದರಂತೆ 10ರಿಂದ 16ರೊಳಗಿನವರಲ್ಲಿ ಸೊಂಟದ ಸುತ್ತಳತೆ ಅದೇ ವಯಸ್ಸಿನ 100 ಮಕ್ಕಳ ಪೈಕಿ 90 ಮಂದಿಗಿಂತ ಹೆಚ್ಚಿರಬೇಕು. ಜೊತೆಗೆ ಇವುಗಳಲ್ಲಿ ಕನಿಷ್ಠ ಎರಡು ಇರಬೇಕು: ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು (ಇವೆಲ್ಲ ಡೆಸಿಲೀಟರ್‌ಗೆ ಮಿ.ಗ್ರಾಂ ಲೆಕ್ಕ), ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಕೆಳಗಿನ ಅಂಕಿ 85 ಮುಟ್ಟಿರುವುದು. 10 ವರ್ಷದೊಳಗಿನವರಿಗೆ ಈ ಹೆಸರು ಹಚ್ಚುವುದಿಲ್ಲ.

ಮೊದಲು ಬದಲಾಗುವುದು: ಹೊಟ್ಟೆಯೊಳಗೆ ಕೊಬ್ಬು ತುಂಬಿದಾಗ ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ವರ್ಷಗಟ್ಟಲೆ ಹತೋಟಿಯಲ್ಲಿಡಬಲ್ಲದು. ಅಷ್ಟರಲ್ಲಿ ಯಕೃತ್ತು ಟ್ರೈಗ್ಲಿಸರೈಡನ್ನು ಹೆಚ್ಚಿಸಿರುತ್ತದೆ, ಎಚ್‌ಡಿಎಲ್ ಇಳಿದಿರುತ್ತದೆ. ಹೀಗಾಗಿ ಸಕ್ಕರೆ ಸರಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ತೆಳ್ಳಗಿದ್ದರೂ ಅಪಾಯ: ಕೇಂದ್ರ ಸರ್ಕಾರದ 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ತೂಕ ಹೆಚ್ಚಿದ್ದ ಹದಿಹರೆಯದವರು ಶೇ. 5 ಮಾತ್ರ. ಆದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಶೇ. 10. ಭಾರತೀಯರ ದೇಹ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚಿರುತ್ತದೆ ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತೋರಿಸಿಕೊಟ್ಟಿದ್ದಾರೆ. ಸೊಂಟದ ಅಳತೆ ಮೀರದ ಮಗುವಿಗೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರು ಅಂಟದಿದ್ದರೂ ರಕ್ತದ ಅಂಕಿಗಳು ಕೆಟ್ಟಿರಬಹುದು.

ಇತರ ಸೂಚಕಗಳು: ಯೂರಿಕ್ ಆಮ್ಲ, ಉರಿಯೂತ ಸೂಚಿಸುವ ಸಿಆರ್‌ಪಿ, ಯಕೃತ್ತಿನ ಎಎಲ್‌ಟಿ - ಇವೂ ಹಲವರಲ್ಲಿ ಏರಿರುತ್ತವೆ. ಆದರೆ ಈ ಅಳತೆಪಟ್ಟಿಯಲ್ಲಿ ಇವು ಸೇರಿಲ್ಲ. ನೆಗಡಿ ಜ್ವರವಿದ್ದರೂ ಸಿಆರ್‌ಪಿ ಏರುತ್ತದೆ.

ಗಮನಿಸಬೇಕಾದ್ದು: ಮೈನೆರೆಯುವ ಕಾಲದಲ್ಲಿ ಇನ್ಸುಲಿನ್ ಪ್ರತಿರೋಧ ಸಹಜವಾಗಿಯೇ ಹೆಚ್ಚಿ ಆಮೇಲೆ ಇಳಿಯುತ್ತದೆ. ಆದ್ದರಿಂದ ಒಂದೇ ವರದಿ ನೋಡಿ ತೀರ್ಮಾನಿಸಬಾರದು. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಗ್ಗೆ ರಕ್ತ ಕೊಡಬೇಕು. ಅಂಕಿ ಏರಿದ್ದರೆ ವೈದ್ಯರ ಸಲಹೆಯಂತೆ ಮತ್ತೆ ಪರೀಕ್ಷಿಸಬೇಕು. ಮನೆಯವರಿಗೆ ಸಕ್ಕರೆ ಕಾಯಿಲೆಯಿದ್ದರೆ, ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ, ಕುತ್ತಿಗೆಯ ಹಿಂಭಾಗದಲ್ಲಿ ಎಷ್ಟು ಉಜ್ಜಿದರೂ ಹೋಗದ ದಪ್ಪ ಕಪ್ಪು ಚರ್ಮವಿದ್ದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಅದು ಕೊಳೆಯಲ್ಲ, ಇನ್ಸುಲಿನ್ ಪ್ರತಿರೋಧದ ಗುರುತಾಗಿರಬಹುದು.

ಪರಿಹಾರ: ಈ ವಯಸ್ಸಿನಲ್ಲಿ ಅಂಕಿಗಳು ಹಿಂದಕ್ಕೆ ಬರುವ ಸಾಧ್ಯತೆ ಹೆಚ್ಚು. ದಿನಕ್ಕೆ ಸರಾಸರಿ 60 ನಿಮಿಷ ಆಟ ಓಟ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಹಿ ಪಾನೀಯ, ಬೇಕರಿ ತಿಂಡಿ ಕಡಿಮೆ ಮಾಡಿ ಕಾಳು, ತರಕಾರಿ ಹೆಚ್ಚಿಸಬೇಕು, ನಿದ್ದೆ ಕೆಡಿಸಬಾರದು. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದು ತಪ್ಪು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿಯೇ ಇದೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.