ಲೈಟ್-ಸ್ಪೇಸ್ ಮಾಡ್ಯುಲೇಟರ್

ಹಂಗೇರಿಯಲ್ಲಿ ಹುಟ್ಟಿದ ಕಲಾವಿದ ಲಾಸ್ಲೋ ಮೊಹೊಲಿ-ನಾಗಿ (1895–1946) 1930ರಲ್ಲಿ ಪ್ರದರ್ಶಿಸಿದ, ವಿದ್ಯುತ್ತಿನಿಂದ ತಿರುಗುವ ಲೋಹ–ಗಾಜುಗಳ ಕೃತಿ. ಬೆಳಕನ್ನೇ ಮಾಧ್ಯಮವಾಗಿಸಿಕೊಂಡ ಇನ್‌ಸ್ಟಲೇಶನ್ ಕಲೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ಆದರೆ ಅದು ಏನಾಗಿತ್ತು, ಯಾರು ಕಟ್ಟಿದರು ಎಂಬ ವಿಚಾರದಲ್ಲಿ ಗೊಂದಲ ಇನ್ನೂ ಉಳಿದಿದೆ.

ಮೊಹೊಲಿ-ನಾಗಿ 1923ರಿಂದ 1928ರವರೆಗೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿಸಿದರು. ಕೃತಿಯ ಕಾಲವನ್ನು ಹಲವು ಗ್ರಂಥಗಳು 1922–30 ಎಂದು ಕೊಡುತ್ತವೆ. ಇದು ಕಲ್ಪನೆ ಮೊಳೆತ ಕಾಲವನ್ನೂ ಸೇರಿಸಿದ ಲೆಕ್ಕ. ಯಂತ್ರ ಸಿದ್ಧವಾದದ್ದು ಪ್ಯಾರಿಸ್‌ನಲ್ಲಿ ನಡೆದ ಜರ್ಮನ್ ವೆರ್ಕ್‌ಬುಂಡ್ (ಕಲಾವಿದರು, ಉದ್ಯಮಿಗಳ ಸಂಘ) ಪ್ರದರ್ಶನಕ್ಕಾಗಿ, 1930ರಲ್ಲಿ. ಆಗ ಅದರ ಹೆಸರು ‘ವಿದ್ಯುತ್ ರಂಗಮಂಚಕ್ಕೊಂದು ಬೆಳಕಿನ ಪರಿಕರ’. 120 ಸೆಂ.ಮೀ. ಅಗಲದ ಪೆಟ್ಟಿಗೆಯ ದುಂಡು ಕಿಂಡಿಯೊಳಗೆ ಬಣ್ಣದ ಬಲ್ಬುಗಳು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಹೊತ್ತಿ ಆರುತ್ತಿದ್ದವು. ತಿರುಗುವ ಪೀಠಕ್ಕೆ ಮೂರು ಭಾಗ: ಒಂದರಲ್ಲಿ ಅಲೆಯಾಡುವ ಲೋಹದ ಸರಳುಗಳು, ಇನ್ನೊಂದರಲ್ಲಿ ತೂತು ಕೊರೆದ ತಟ್ಟೆಗಳು ಮತ್ತು ಉರುಳುವ ಚಿಕ್ಕ ಚೆಂಡು, ಮತ್ತೊಂದರಲ್ಲಿ ಗಾಜಿನ ಸುರುಳಿ. ತೂತುಗಳಿಂದ ಹಾಯ್ದ ಬೆಳಕು ನೆರಳಾಗಿ ಒಡೆದು, ಘನವಸ್ತುವೇ ಕರಗಿಹೋದಂತೆ ಕಾಣುತ್ತಿತ್ತು.

ಪ್ರಚಲಿತ ಬರಹಗಳಲ್ಲಿ ಕರ್ತೃತ್ವವೆಲ್ಲ ಒಬ್ಬರ ಪಾಲಾಗಿದೆ. ಇದು ಸರಿಯಲ್ಲ. ನಿರ್ಮಾಣಕ್ಕೆ ನೆರವಾದದ್ದು ಎಇಜಿ ವಿದ್ಯುತ್ ಕಂಪನಿ. ನಕ್ಷೆಗಳು ಬೌಹೌಸ್ ಸ್ಥಾಪಕ ವಾಲ್ಟರ್ ಗ್ರೋಪಿಯಸ್ ಕಚೇರಿಯ ವಾಸ್ತುಶಿಲ್ಪಿ ಸ್ಟೆಫಾನ್ ಸೆಬೋಕ್ ಅವರವು. ಯಂತ್ರ ಜೋಡಿಸಿದವರು ತಂತ್ರಜ್ಞ ಒಟ್ಟೋ ಬಾಲ್. ಸೋವಿಯತ್ ಒಕ್ಕೂಟಕ್ಕೆ ಹೋದ ಸೆಬೋಕ್ 1941ರಲ್ಲಿ ಅಲ್ಲಿನ ಸೆರೆಯಲ್ಲಿ ತೀರಿಕೊಂಡರು. ಅವರ ಹೆಸರು ಮರೆಯಾಗಲು ಇದೂ ಒಂದು ಕಾರಣವಿರಬಹುದು.

ನಾಜಿಗಳ ಕಾಲದಲ್ಲಿ ಕಲಾವಿದರ ಜೊತೆ ಯಂತ್ರವೂ ದೇಶ ದೇಶ ದಾಟಿತು. ಗಡಿಗಳಲ್ಲಿ ಸುಂಕದವರಿಗೆ ಅದನ್ನು ಮಿಶ್ರಣ ಯಂತ್ರ, ಕಾರಂಜಿ ಎಂದೆಲ್ಲ ಹೇಳಬೇಕಾಯಿತೆಂದು ಪತ್ನಿ ಸಿಬಿಲ್ ತಾವು ಬರೆದ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. 1956ರಲ್ಲಿ ಅವರು ಅದನ್ನು ಹಾರ್ವರ್ಡ್‌ನ ಬುಷ್-ರೈಸಿಂಗರ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅಷ್ಟರಲ್ಲಿ ಪೆಟ್ಟಿಗೆ, ಬಲ್ಬುಗಳು ಹೋಗಿ, ರಂಗಪರಿಕರವು ಒಂಟಿ ಶಿಲ್ಪವಾಗಿತ್ತು. ಈಗಿನ ಹೆಸರು ಅಂಟಿಕೊಂಡದ್ದೂ ಆಮೇಲೆಯೇ. ದುರಸ್ತಿಗಳಲ್ಲಿ ಬಿಡಿಭಾಗಗಳೂ ಬದಲಾದವು. ಆದ್ದರಿಂದ 1930ರ ರೂಪವನ್ನು ತಿಳಿಯಲು ಸೆಬೋಕ್ ನಕ್ಷೆಗಳನ್ನೂ ಮೊಹೊಲಿ-ನಾಗಿ ಅದೇ ವರ್ಷ ಈ ಯಂತ್ರವನ್ನಿಟ್ಟುಕೊಂಡು ತಯಾರಿಸಿದ ಕಿರುಚಿತ್ರವನ್ನೂ ಜೊತೆಗಿಟ್ಟು ನೋಡಬೇಕು.

1970ರಲ್ಲಿ ಎರಡು ಪ್ರತಿಕೃತಿಗಳು ತಯಾರಾದವು. ಅವು ಬರ್ಲಿನ್ ಮತ್ತು ಐಂಡ್‌ಹೋವನ್‌ಗಳಲ್ಲಿವೆ. 2006ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಪ್ರದರ್ಶನಕ್ಕೆ ಮತ್ತೊಂದು ಬಂತು. ಹಾರ್ವರ್ಡ್‌ನ ಮೂಲ ಯಂತ್ರವನ್ನು ಸವೆತದ ಭಯದಿಂದ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತಾರೆ.