ಫಲಿತಾಂಶಕ್ಕೆ ತಕ್ಕ ಅನುದಾನ

ಅಂಗನವಾಡಿ ಕಾರ್ಯಕರ್ತೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಮನೆಗೆ ಬಂದಿದ್ದಳು. 2018ರಲ್ಲಿ ಕೇಂದ್ರ ಸರ್ಕಾರವು ಅಂಗನವಾಡಿ ಸಹಾಯಕಿಯರಿಗೆ ತಿಂಗಳಿಗೆ 250 ರೂಪಾಯಿಗಳ ಸಾಧನೆ ಆಧಾರಿತ ಪ್ರೋತ್ಸಾಹಧನ ಘೋಷಿಸಿದ್ದರ ಮಾತು ಬಂತು. "ಮಕ್ಕಳ ವಿಷಯದಲ್ಲಿ ಕೆಲಸ ಅಳೆದು ದುಡ್ಡು ಕೊಡೋದು ಸರಿನಾ, ಸಾರ್?" ಎಂದಳು. ಅವಳಿಗೆ ಹೇಳಿದ ಹಳೆಯ ಸಂಗತಿಯನ್ನು ನಿಮಗೂ ಹೇಳುತ್ತೇನೆ.

ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅನೇಕರಿಗೆ ಓದು, ಬರಹ, ಲೆಕ್ಕಗಳೇ ಸರಿಯಾಗಿ ಬರುತ್ತಿಲ್ಲವೆಂದು ನ್ಯೂಕ್ಯಾಸಲ್ ಆಯೋಗವು 1861ರಲ್ಲಿ ವರದಿ ನೀಡಿತು. ಮರುವರ್ಷ ರಾಬರ್ಟ್ ಲೋ ಅವರು ಅನುದಾನದ ಪರಿಷ್ಕೃತ ಸಂಹಿತೆಯನ್ನು ತಂದರು. ಸರಾಸರಿ ಹಾಜರಾತಿಯ ಲೆಕ್ಕದಲ್ಲಿ ಮಗುವಿಗೆ 4 ಷಿಲಿಂಗ್. ಆರು ವರ್ಷ ಮೀರಿದವರು ಈ ಮೂರು ವಿಷಯಗಳಲ್ಲಿ ಉತ್ತೀರ್ಣರಾದರೆ ಮತ್ತೆ 8 ಷಿಲಿಂಗ್. ಒಂದೊಂದು ವಿಷಯ ತಪ್ಪಿದಾಗಲೂ 2 ಷಿಲಿಂಗ್ 8 ಪೆನ್ಸ್ ಖೋತಾ. ಆರು ವರ್ಷದೊಳಗಿನ ಕಂದಮ್ಮಗಳಿಗೆ ಈ ಪರೀಕ್ಷೆಯಿರಲಿಲ್ಲ. ಇನ್‌ಸ್ಪೆಕ್ಟರರಿಗೆ ತೃಪ್ತಿಯಾದರೆ 6 ಷಿಲಿಂಗ್ 6 ಪೆನ್ಸ್ ದೊರೆಯುತ್ತಿತ್ತು.

ಉದ್ದೇಶ ಕೆಟ್ಟದ್ದೆನ್ನಲಾರೆ. ಜನರ ತೆರಿಗೆಯ ಹಣಕ್ಕೆ ಲೆಕ್ಕ ಬೇಕಲ್ಲವೆ? ಹಿಂದುಳಿದ ಮಗುವಿನ ಕಡೆಗೂ ಶಿಕ್ಷಕರು ತಿರುಗಿ ನೋಡಲೆಂಬ ಆಶಯವೂ ಇತ್ತು. ಆದರೆ ಮಕ್ಕಳು ಪಾಠಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಗೈರುಹಾಜರಾದರೆ ಅನುದಾನ ಹೋಗುವುದರಿಂದ ಕಾಯಿಲೆಯ ಮಕ್ಕಳನ್ನೂ ಪರೀಕ್ಷೆಗೆ ಹೊತ್ತುತಂದರು. ಪರೀಕ್ಷೆಯಿಂದ ಪಾರಾದ ಶಿಶುವರ್ಗವೂ ಉಳಿಯಲಿಲ್ಲ: ಆರು ತುಂಬಿದೊಡನೆ ಪರೀಕ್ಷೆ ಕಾದಿರುವಾಗ ಆಟಕ್ಕೆ ಸಮಯವೆಲ್ಲಿ? ಸ್ವತಃ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ಬಹಿರಂಗವಾಗಿ ವಿರೋಧಿಸಿದರು. ಅದು ದಕ್ಷಿಣ ಕನ್ನಡ, ಬಳ್ಳಾರಿಗಳನ್ನು ಒಳಗೊಂಡಿದ್ದ ಮದರಾಸು ಪ್ರಾಂತಕ್ಕೂ ಬಂತು. ಇಂಗ್ಲೆಂಡು ಅದನ್ನು ಪೂರ್ತಿಯಾಗಿ ಕೈಬಿಟ್ಟದ್ದು 1890ರ ದಶಕದಲ್ಲಿ.

ಲೋ ಅವರನ್ನು ದೂರುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ, ಓದಲು ತಡವರಿಸುತ್ತಿದ್ದ ಹುಡುಗನೊಬ್ಬನಿಗೆ "ನಾಳೆ ಬರಬೇಡಪ್ಪ" ಎಂದಿದ್ದೆ. ಅವನು ಬರಲಿಲ್ಲ. ವರದಿ ಚೆನ್ನಾಗಿ ಬಂತು. ಆ ದಿನ ನನ್ನ ಸಂಬಳವೇನೂ ಪಣಕ್ಕಿರಲಿಲ್ಲ, ಒಳ್ಳೆಯ ಹೆಸರಷ್ಟೇ. ಸಂಬಳವೂ ಇದ್ದಿದ್ದರೆ ಇನ್ನೆಷ್ಟು ಮಕ್ಕಳಿಗೆ ಹಾಗೆನ್ನುತ್ತಿದ್ದೆನೋ!

ಆದುದರಿಂದ ಆಕೆಗೆ ಹೇಳಿದೆ: "ಅಳೆಯಲಿ ತಾಯಿ, ತಪ್ಪಿಲ್ಲ. ಯಾವ ಮಗುವಿಗೆ ಇನ್ನೂ ಏನು ಬೇಕೆಂದು ತಿಳಿಯಲು ಅಳೆಯಲಿ. ಕಡಿಮೆ ಬಿದ್ದ ಕಡೆ ಹಣ ಕಿತ್ತುಕೊಂಡರೆ, ಆ ಮಗುವೇ ನಮಗೆ ಹೊರೆಯಾಗಿ ಕಾಣುತ್ತದೆ."

ಆ ಹುಡುಗ ಇದನ್ನು ಓದುತ್ತಿದ್ದರೆ, ಕ್ಷಮಿಸಪ್ಪ. ಒಮ್ಮೆ ಮನೆಗೆ ಬಾ.