ಆಟ ನೋಡದವರ ದುಡ್ಡು

ಇವತ್ತಿನ ಕಥೆ ಅಮೆರಿಕದ್ದು. ಆದ್ರೆ ಮೊದಲು ಒಂದು ಕ್ಷಣ ದೆಹಲಿಯ ಕೋಟ್ಲಾ ಮೈದಾನಕ್ಕೆ ಹೋಗಿ ಬರೋಣ. 1999ರ ಫೆಬ್ರವರಿ 7. ಪಾಕಿಸ್ತಾನದ ಎರಡನೇ ಇನಿಂಗ್ಸ್‌ನ ಹತ್ತಕ್ಕೆ ಹತ್ತೂ ವಿಕೆಟ್‌ಗಳನ್ನು ನಮ್ಮ ಅನಿಲ್ ಕುಂಬ್ಳೆ ಒಬ್ಬರೇ ಉರುಳಿಸಿದ ದಿನ. ಈಗ ಹೀಗೊಂದು ಕಲ್ಪನೆ ಮಾಡಿಕೊಳ್ಳಿ: ಅವತ್ತು ಬೆಂಗಳೂರಿನ ಹತ್ತು ಮನೆಗಳಲ್ಲಿ ಏಳು ಮನೆಯ ಟಿವಿಗೆ ಆ ಪಂದ್ಯವೇ ಬರುತ್ತಿರಲಿಲ್ಲ. ಕರೆಂಟ್ ಹೋಗಿದ್ದಕ್ಕಲ್ಲ, ಮಳೆ ಹೊಡೆದಿದ್ದಕ್ಕಲ್ಲ. ಚಾನೆಲ್‌ನವರಿಗೂ ಕೇಬಲ್‌ನವರಿಗೂ ರೇಟು ಕುದುರಲಿಲ್ಲ ಅನ್ನೋ ಒಂದೇ ಕಾರಣಕ್ಕೆ.

ಲಾಸ್ ಏಂಜಲೀಸ್‌ನ ಜನಕ್ಕೆ ಇದು ನಿಜವಾಗಿಯೂ ಆಗಿಹೋಯ್ತು. 2014ರ ಜೂನ್ 18ರ ರಾತ್ರಿ ಅಲ್ಲಿನ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಪಿಚರ್ ಕ್ಲೇಟನ್ ಕರ್ಶಾ, ಕೊಲೊರಾಡೊ ರಾಕೀಸ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡಲಿಲ್ಲ. ಜತೆಗೆ 15 ಸ್ಟ್ರೈಕೌಟ್. ಇದಕ್ಕೆ ನೋ-ಹಿಟ್ಟರ್ ಅಂತಾರೆ. ಒಬ್ಬ ಪಿಚರ್‌ನ ಜೀವಮಾನದಲ್ಲಿ ಒಮ್ಮೆ ಬಂದರೆ ಪುಣ್ಯ. ಆದ್ರೆ ಅವರದೇ ಊರಿನ ಸುಮಾರು ಶೇ 70ರಷ್ಟು ಮನೆಗಳಲ್ಲಿ ಆ ಚಾನೆಲ್ ಬರುತ್ತಲೇ ಇರಲಿಲ್ಲ.

ಯಾಕೆ? ಇದಕ್ಕೆ ಉತ್ತರ ಬೇಕು ಅಂದ್ರೆ ಕೇಬಲ್ ಬಿಲ್‌ನ ಒಂದು ಸಣ್ಣ ಲೆಕ್ಕ ಗೊತ್ತಿರಬೇಕು.

ಒಂದು ಬೀದಿಯಲ್ಲಿ ನೂರು ಮನೆ ಇದೆ ಅಂದ್ಕೊಳ್ಳಿ. ಅದರಲ್ಲಿ ಕ್ರೀಡೆಯ ಹುಚ್ಚಿರೋದು ಹತ್ತೇ ಮನೆಗೆ. ಚಾನೆಲ್‌ನವರಿಗೆ ಆ ಬೀದಿಯಿಂದ ತಿಂಗಳಿಗೆ ನೂರು ಡಾಲರ್ ಬೇಕು. ಎರಡು ದಾರಿ ಇವೆ. ಒಂದು, ನೂರು ಮನೆಯಿಂದಲೂ ತಲಾ ಒಂದೊಂದು ಡಾಲರ್ ವಸೂಲಿ ಮಾಡೋದು. ಅಂದ್ರೆ ಚಾನೆಲ್ಲನ್ನು ಎಲ್ಲರೂ ತಗೊಳ್ಳೋ ಬೇಸಿಕ್ ಪ್ಯಾಕ್‌ನಲ್ಲಿ ಹಾಕೋದು. ಇನ್ನೊಂದು, ನೋಡೋ ಹತ್ತು ಮನೆಯಿಂದಲೇ ಹತ್ತತ್ತು ಡಾಲರ್ ತಗೊಳ್ಳೋದು. ಅಂದ್ರೆ ಪ್ರತ್ಯೇಕ ಸ್ಪೋರ್ಟ್ಸ್ ಪ್ಯಾಕ್ ಮಾಡೋದು. ಲೆಕ್ಕದಲ್ಲಿ ಎರಡೂ ಒಂದೇ. ಆದ್ರೆ ಹತ್ತು ಡಾಲರ್ ಅಂದ ಕೂಡಲೇ ನಾಲ್ಕು ಮನೆಯವರು ‘ಬೇಡಪ್ಪ’ ಅಂತಾರೆ. ಉಳಿದ ಆರು ಮನೆಯ ತಲೆ ಮೇಲೆ ರೇಟು ಇನ್ನೂ ಏರುತ್ತೆ. ಆಗ ಇನ್ನಿಬ್ಬರು ಬಿಡ್ತಾರೆ.

ಹಾಗಾಗಿ ಚಾನೆಲ್‌ನವರ ಜೀವ ಇದ್ದಿದ್ದು ಮೊದಲನೇ ದಾರಿಯಲ್ಲಿ, ಅಂದ್ರೆ ಆಟ ನೋಡದವರ ದುಡ್ಡಿನಲ್ಲಿ. 1979ರಲ್ಲಿ ಶುರುವಾದ ಇಎಸ್‌ಪಿಎನ್ ಬೆಳೆದಿದ್ದು ಇದೇ ದಾರಿಯಲ್ಲಿ. ಪ್ರತಿ ಕೇಬಲ್ ಮನೆಯಿಂದಲೂ ತಿಂಗಳಿಗಿಷ್ಟು ಅಂತ ಅದಕ್ಕೆ ಹೋಗ್ತಿತ್ತು. ಆ ಮನೆಯವರು ಚೆಂಡಿನ ಮುಖ ನೋಡದಿದ್ರೂ ಸರಿ. ಇದನ್ನ ನೋಡಿದ ತಂಡಗಳಿಗೂ ಲೀಗ್‌ಗಳಿಗೂ ಆಸೆ ಹುಟ್ಟಿತು. ಪಂದ್ಯ ನಮ್ಮದು, ಆಟಗಾರರು ನಮ್ಮವರು, ಚಾನೆಲ್ ಮಾತ್ರ ಬೇರೆಯವರದ್ದು ಯಾಕೆ?

ಮೊದಲ ದೊಡ್ಡ ಜಗಳ ನ್ಯೂಯಾರ್ಕ್‌ನಲ್ಲಿ. ಯಾಂಕೀಸ್ ಬೇಸ್‌ಬಾಲ್ ತಂಡದ ಮಾಲೀಕರು 2002ರ ಮಾರ್ಚ್‌ನಲ್ಲಿ ಯೆಸ್ ನೆಟ್‌ವರ್ಕ್ ಅನ್ನೋ ಚಾನೆಲ್ ಶುರು ಮಾಡಿದ್ರು. ಮನೆಗೆ ತಿಂಗಳಿಗೆ ಸುಮಾರು 2 ಡಾಲರ್ ಕೊಡಿ, ಎಲ್ಲರ ಪ್ಯಾಕ್‌ನಲ್ಲೂ ಹಾಕಿ ಅಂತ ಕೇಳಿದ್ರು. ಕೇಬಲ್‌ವಿಷನ್ ಕಂಪನಿ ಆಗಲ್ಲ ಅಂತು. ಬೇಕಾದವರು ಬೇರೆ ದುಡ್ಡು ಕೊಟ್ಟು ತಗೊಳ್ಳಲಿ, ಬೇಡದವರಿಗೆ ಯಾಕೆ ಹೊರೆ ಅನ್ನೋದು ಅವರ ವಾದ.

ಕೇಳೋಕೆ ನ್ಯಾಯವಾಗಿಯೇ ಇದೆ ಅಲ್ವಾ? ಆದ್ರೆ ಒಳಗಿನ ಕಥೆ ಬೇರೆ ಇತ್ತು. ಅದಕ್ಕೂ ಮೊದಲು ಯಾಂಕೀಸ್ ಪಂದ್ಯ ತೋರಿಸ್ತಾ ಇದ್ದಿದ್ದು ಎಂಎಸ್‌ಜಿ ಚಾನೆಲ್. ಅದರ ಒಡೆತನ ಇದೇ ಕೇಬಲ್‌ವಿಷನ್‌ನದ್ದು. ಆ ಚಾನೆಲ್ ಬೇಸಿಕ್ ಪ್ಯಾಕ್‌ನಲ್ಲೇ ಇತ್ತು. ಬೇಡದವರ ಹೊರೆಯ ಮಾತು ಆಗ ಯಾರಿಗೂ ನೆನಪಾಗಿರಲಿಲ್ಲ.

ಸುಮಾರು 30 ಲಕ್ಷ ಮನೆಗಳಿಗೆ 2002ರ ಇಡೀ ಸೀಸನ್ ಯೆಸ್ ಚಾನೆಲ್ ಸಿಗಲಿಲ್ಲ. ಆ ವರ್ಷ ಯಾಂಕೀಸ್ 103 ಪಂದ್ಯ ಗೆದ್ದಿತ್ತು ಅನ್ನೋದು ಗಾಯದ ಮೇಲೆ ಉಪ್ಪು. 2003ರ ಮಾರ್ಚ್‌ನಲ್ಲಿ, ಮುಂದಿನ ಸೀಸನ್ ಬಾಗಿಲಿಗೆ ಬಂದಾಗ, ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ತನಕ ವಿಷಯ ಹೋಗಿ ತಾತ್ಕಾಲಿಕ ಒಪ್ಪಂದ ಆಯ್ತು. ಮರುವರ್ಷ ಪಂಚಾಯ್ತಿಗೆ ಕೂತ ಮಧ್ಯಸ್ಥಗಾರರು ಯೆಸ್ ಪರವಾಗಿ ತೀರ್ಪು ಕೊಟ್ಟರು. ನೋಡದವರೂ ಕೊಡಬೇಕಾಯ್ತು.

ಎರಡನೇ ಜಗಳ ಇನ್ನೂ ದೊಡ್ಡದು. ಈ ಸಲ ಒಂದು ತಂಡ ಅಲ್ಲ, ಅಮೆರಿಕನ್ ಫುಟ್‌ಬಾಲ್‌ನ ಇಡೀ ಲೀಗ್, ಅಂದ್ರೆ ಎನ್‌ಎಫ್‌ಎಲ್. 2003ರ ನವೆಂಬರ್‌ನಲ್ಲಿ ಎನ್‌ಎಫ್‌ಎಲ್ ನೆಟ್‌ವರ್ಕ್ ಶುರುವಾದಾಗ ಅದರಲ್ಲಿ ಲೀಗ್ ಪಂದ್ಯಗಳ ನೇರ ಪ್ರಸಾರವೇ ಇರಲಿಲ್ಲ. 2006ರಲ್ಲಿ ಲೀಗ್ ಒಂದು ಚಾಲಾಕಿ ಕೆಲಸ ಮಾಡಿತು. ಎಂಟು ಪಂದ್ಯಗಳನ್ನು ಬೇರೆಯವರಿಗೆ ಮಾರದೆ ತನ್ನ ಚಾನೆಲ್‌ಗೇ ಇಟ್ಟುಕೊಂಡಿತು. ರೇಟು ಮನೆಗೆ ಸುಮಾರು 70 ಸೆಂಟ್. ಷರತ್ತು ಅದೇ ಹಳೆಯದು: ಎಲ್ಲರ ಪ್ಯಾಕ್‌ನಲ್ಲೂ ಹಾಕಿ.

ಟೈಮ್ ವಾರ್ನರ್ ಕೇಬಲ್ ಒಪ್ಪಲಿಲ್ಲ. ಕೇಬಲ್‌ವಿಷನ್ ಒಪ್ಪಲಿಲ್ಲ. ದೇಶದ ಅತಿ ದೊಡ್ಡ ಕೇಬಲ್ ಕಂಪನಿ ಕಾಮ್‌ಕಾಸ್ಟ್ ಆ ಚಾನೆಲ್ಲನ್ನು ದುಬಾರಿ ಸ್ಪೋರ್ಟ್ಸ್ ಪ್ಯಾಕ್‌ಗೆ ತಳ್ಳಿತು. ಅದೇ ಕಾಮ್‌ಕಾಸ್ಟ್‌ನ ಸ್ವಂತ ಕ್ರೀಡಾ ಚಾನೆಲ್‌ಗಳು, ವರ್ಸಸ್ ಮತ್ತು ಗಾಲ್ಫ್ ಚಾನೆಲ್, ಎಲ್ಲರ ಪ್ಯಾಕ್‌ನಲ್ಲಿ ಆರಾಮಾಗಿ ಕೂತಿದ್ದವು. ಲೀಗ್ ಇದೇ ತಕರಾರು ಹಿಡಿದು ಕೇಂದ್ರ ಸಂವಹನ ಆಯೋಗಕ್ಕೆ ದೂರು ಕೊಟ್ಟಿತು.

ಆ ದೂರಿಗೂ ಮೊದಲೇ ಮೈದಾನದಲ್ಲಿ ಒಂದು ವಿಚಿತ್ರ ಆಗಿತ್ತು. 2007ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೋಲೇ ಕಾಣದೆ 15 ಪಂದ್ಯ ಗೆದ್ದುಬಿಟ್ಟಿತು. ಹದಿನಾರನೆಯದೂ ಗೆದ್ದರೆ ಇತಿಹಾಸ: 16 ಪಂದ್ಯಗಳ ಸೀಸನ್ ಪೂರ್ತಿ ಗೆದ್ದ ಮೊದಲ ತಂಡ. ಆ ಕೊನೆಯ ಪಂದ್ಯ ಡಿಸೆಂಬರ್ 29ಕ್ಕೆ, ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ. ಅದು ಬರಬೇಕಿದ್ದಿದ್ದು ಎನ್‌ಎಫ್‌ಎಲ್ ನೆಟ್‌ವರ್ಕ್‌ನಲ್ಲಿ! ಎರಡೂ ತಂಡಗಳ ತವರಿನ ಲೋಕಲ್ ಟಿವಿ ಬಿಟ್ಟರೆ ದೇಶದ ಉಳಿದ ಕಡೆ ಲಕ್ಷಾಂತರ ಜನಕ್ಕೆ ಸಿಗದ ಚಾನೆಲ್ ಅದು.

ಆಗ ಎದ್ದಿದ್ದು ರಾಜಕಾರಣಿಗಳು. ಮ್ಯಾಸಚೂಸೆಟ್ಸ್‌ನ ಸೆನೆಟರ್ ಜಾನ್ ಕೆರಿ ಒತ್ತಡ ಹಾಕಿದ್ರು. ಸೆನೆಟರ್‌ಗಳಾದ ಪ್ಯಾಟ್ರಿಕ್ ಲೇಹಿ ಮತ್ತು ಆರ್ಲೆನ್ ಸ್ಪೆಕ್ಟರ್ ಕೈ ಹಾಕಿದ್ದು ಇನ್ನೂ ಸೂಕ್ಷ್ಮ ಜಾಗಕ್ಕೆ. ಎಲ್ಲ ತಂಡಗಳೂ ಸೇರಿ ಒಟ್ಟಾಗಿ ಟಿವಿ ಹಕ್ಕು ಮಾರೋದು ಮಾಮೂಲಿ ವ್ಯಾಪಾರದಲ್ಲಿ ಸ್ಪರ್ಧಾ ಕಾನೂನಿಗೆ ವಿರುದ್ಧ. ಕ್ರೀಡೆಗೆ ಮಾತ್ರ 1961ರ ಕಾಯ್ದೆಯೊಂದು ವಿನಾಯ್ತಿ ಕೊಟ್ಟಿದೆ. ‘ಆ ವಿನಾಯ್ತಿಯನ್ನೇ ಮತ್ತೆ ನೋಡಬೇಕಾಗುತ್ತೆ’ ಅನ್ನೋ ಅರ್ಥದ ಎಚ್ಚರಿಕೆ ಲೀಗ್‌ಗೆ ಹೋಯ್ತು. ಪಂದ್ಯಕ್ಕೆ ಮೂರು ದಿನ ಇದ್ದಾಗ ಲೀಗ್ ಮಣಿಯಿತು. ಸಿಬಿಎಸ್, ಎನ್‌ಬಿಸಿ ಎರಡರಲ್ಲೂ ಪಂದ್ಯ ಉಚಿತವಾಗಿ ಬಂತು. ಸುಮಾರು 3.45 ಕೋಟಿ ಜನ ನೋಡಿದ್ರು. ಪೇಟ್ರಿಯಟ್ಸ್ 38-35ರಿಂದ ಗೆದ್ದಿತು. ತಿಂಗಳು ಕಳೆದು ಸೂಪರ್ ಬೌಲ್‌ನಲ್ಲಿ ಅದೇ ಜೈಂಟ್ಸ್ ಎದುರು ಸೋತಿತು ಅನ್ನಿ, ಅದು ಬೇರೆ ಕಥೆ.

ರೇಟಿನ ಜಗಳ ಮಾತ್ರ ಒಂದು ಪಂದ್ಯಕ್ಕೆ ಮುಗಿಯಲಿಲ್ಲ. ಕಾಮ್‌ಕಾಸ್ಟ್ ರಾಜಿಯಾಗಿದ್ದು 2009ರಲ್ಲಿ. ಟೈಮ್ ವಾರ್ನರ್ ಕೇಬಲ್ ಅಂತೂ 2012ರ ಸೆಪ್ಟೆಂಬರ್‌ವರೆಗೆ ಬಗ್ಗಲೇ ಇಲ್ಲ. ಇಷ್ಟು ವರ್ಷ ಅದು ಹೇಳ್ತಾ ಬಂದಿದ್ದು ಒಂದೇ ಮಾತು: ಆಟ ನೋಡದವರ ಜೇಬಿಗೆ ಯಾಕೆ ಕೈ ಹಾಕ್ತೀರಿ?

ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಯಾಕಂದ್ರೆ ಬರೀ ನಾಲ್ಕು ತಿಂಗಳ ನಂತರ, 2013ರ ಜನವರಿಯಲ್ಲಿ, ಇದೇ ಟೈಮ್ ವಾರ್ನರ್ ಕೇಬಲ್ ಲಾಸ್ ಏಂಜಲೀಸ್ ಡಾಡ್ಜರ್ಸ್ ಜತೆ 25 ವರ್ಷದ ಒಪ್ಪಂದ ಮಾಡ್ಕೊಳ್ತು. ಮೊತ್ತ 835 ಕೋಟಿ ಡಾಲರ್. 2014ರ ಫೆಬ್ರವರಿಯಲ್ಲಿ ಸ್ಪೋರ್ಟ್ಸ್‌ನೆಟ್ ಎಲ್‌ಎ ಶುರುವಾಯ್ತು. ಆ ಹಣ ವಾಪಸ್ ಬರಬೇಕಲ್ಲ? ಡೈರೆಕ್ ಟಿವಿ, ಡಿಶ್, ಕಾಕ್ಸ್ ಥರದ ಕಂಪನಿಗಳಿಗೆ ಅದು ಕೇಳಿದ್ದು ಮನೆಗೆ ತಿಂಗಳಿಗೆ 4 ಡಾಲರ್‌ಗೂ ಹೆಚ್ಚು. ಎಲ್ಲ ಮನೆಯಿಂದಲೂ! ಬೇಕಾದವರಿಗೆ ಬಿಡಿಯಾಗಿ ಮಾರೋಣ ಅಂತ ಡೈರೆಕ್ ಟಿವಿ ಹೇಳಿದ್ರೆ, ಸಾಧ್ಯವೇ ಇಲ್ಲ ಅಂತು. ನಿನ್ನೆ ಗ್ರಾಹಕರ ಪರ ನಿಂತಿದ್ದವರು ಇವತ್ತು ಚಾನೆಲ್ ಮಾಲೀಕರಾಗಿದ್ರು. ಕುರ್ಚಿ ಬದಲಾಯ್ತು, ವಾದವೂ ಬದಲಾಯ್ತು.

ಉಳಿದ ಕಂಪನಿಗಳು ಒಂದಾಗಿ ಬಾಗಿಲು ಹಾಕಿದ್ವು. ಹೀಗೆ ಒಂದಾಗಿದ್ದು ಕಾಕತಾಳೀಯ ಅಲ್ಲ ಅಂತ ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಕೇಸ್ ಹಾಕಿತು. ಡೈರೆಕ್ ಟಿವಿ ತನ್ನ ಪ್ರತಿಸ್ಪರ್ಧಿಗಳ ಜತೆ ಒಳಗೊಳಗೇ ಮಾಹಿತಿ ಹಂಚಿಕೊಂಡಿದೆ ಅನ್ನೋದು ಆರೋಪ. ಮರುವರ್ಷ ಅದು ರಾಜಿಯಲ್ಲಿ ಮುಗೀತು. ಚಾನೆಲ್ ಮಾತ್ರ ಬರಲಿಲ್ಲ.

ಇದರಲ್ಲಿ ಕಳ್ಕೊಂಡಿದ್ದು ಯಾರು? ತಂಡ ಅಲ್ಲ, ಒಪ್ಪಂದದ ದುಡ್ಡು ಅದಕ್ಕೆ ಬರ್ತಾನೇ ಇತ್ತು. ಕಳ್ಕೊಂಡಿದ್ದು ಊರು. ವಿನ್ ಸ್ಕಲಿ ಅಂತ ಒಬ್ಬ ಕಾಮೆಂಟೇಟರ್ ಇದ್ರು. ತಂಡ ಇನ್ನೂ ಬ್ರೂಕ್ಲಿನ್‌ನಲ್ಲಿದ್ದ 1950ರಿಂದ ಡಾಡ್ಜರ್ಸ್‌ಗೆ ದನಿಯಾಗಿದ್ದವರು. 1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಬಂದಾಗ, ಜನ ಕಣ್ಣೆದುರೇ ಆಟ ನಡೀತಿದ್ರೂ ಸ್ಕಲಿ ಮಾತು ಕೇಳೋಕೆ ಅಂತ ಮೈದಾನಕ್ಕೆ ಟ್ರಾನ್ಸಿಸ್ಟರ್ ತರ್ತಿದ್ರು. ಇಂಥವರ 67 ಸೀಸನ್‌ಗಳಲ್ಲಿ ಕೊನೆಯ ಮೂರು ಬಹುಪಾಲು ಊರಿಗೆ ಟಿವಿಯಲ್ಲಿ ಸಿಗಲೇ ಇಲ್ಲ. ರೇಡಿಯೊದಲ್ಲಿ ಅವರ ದನಿ ಕೇಳ್ತಿದ್ದಿದ್ದು ಮೊದಲ ಮೂರು ಇನಿಂಗ್ಸ್ ಮಾತ್ರ. 2016ರಲ್ಲಿ ಅವರು ನಿವೃತ್ತರಾಗುವಾಗ ಕೊನೆಯ ಕೆಲವು ಪಂದ್ಯಗಳನ್ನು ಲೋಕಲ್ ಚಾನೆಲ್ ಕೆಟಿಎಲ್‌ಎಯಲ್ಲಿ ಉಚಿತವಾಗಿ ಬಿಟ್ರು.

ಒಪ್ಪಂದ ಕೊನೆಗೂ ಆಗಿದ್ದು 2020ರ ಏಪ್ರಿಲ್ 1ಕ್ಕೆ. ಆರು ವರ್ಷ ಕಾದ ಮನೆಗಳಿಗೆ ಚಾನೆಲ್ ಬಂತು. ಆದ್ರೆ ತೋರಿಸೋಕೆ ಆಟವೇ ಇರಲಿಲ್ಲ. ಕೋವಿಡ್‌ನಿಂದ ಸೀಸನ್ ನಿಂತಿತ್ತು. ಜುಲೈನಲ್ಲಿ ಶುರುವಾದ 60 ಪಂದ್ಯಗಳ ಮೊಟಕು ಸೀಸನ್‌ನಲ್ಲಿ ಡಾಡ್ಜರ್ಸ್ 1988ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಿತು.

ಭಾರತದಲ್ಲಿ ಇದೇ ಪ್ರಶ್ನೆಗೆ ಸರ್ಕಾರಿ ನಿಯಮದ ಮೂಲಕ ಉತ್ತರ ಹುಡುಕಿದ್ದಾರೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ದೂರದರ್ಶನಕ್ಕೆ ಕೊಡಲೇಬೇಕು ಅಂತ 2007ರ ಕಾಯ್ದೆ ಹೇಳುತ್ತೆ. 2019ರಿಂದ ಟ್ರಾಯ್ ನಿಯಮದಂತೆ ಪ್ರತಿ ಚಾನೆಲ್‌ಗೂ ಬಿಡಿ ಬೆಲೆ ಇದೆ. ಪ್ಯಾಕ್‌ಗೆ ಸೇರಬೇಕಾದ್ರೆ ಆ ಬೆಲೆ 19 ರೂಪಾಯಿ ಮೀರಬಾರದು. ಈ ಮಿತಿಯನ್ನು 2020ರಲ್ಲಿ 12ಕ್ಕೆ ಇಳಿಸಿ, 2022ರಲ್ಲಿ ಮತ್ತೆ 19 ಮಾಡಿದ್ರು. ಹಾಗಂತ ಜಗಳ ನಿಂತಿಲ್ಲ. 2023ರ ಫೆಬ್ರವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಸ್ಟಾರ್, ಸೋನಿ, ಜೀ ಕೆಲವು ದಿನ ಸಿಗ್ನಲ್ಲೇ ಕೊಡಲಿಲ್ಲ.

ಅಮೆರಿಕದಲ್ಲಿ ಈ ಜಗಳ ಬಗೆಹರಿಸಿದ್ದು ಕೋರ್ಟೂ ಅಲ್ಲ, ಸೆನೆಟರ್‌ಗಳೂ ಅಲ್ಲ, ಆ ನೂರು ಮನೆಯವರೇ. ಇಂಟರ್ನೆಟ್‌ನಲ್ಲಿ ಸಿನಿಮಾ, ಸೀರಿಯಲ್ ಸಿಗೋಕೆ ಶುರುವಾದ ಮೇಲೆ, ಆಟ ನೋಡದವರು ಒಬ್ಬೊಬ್ಬರಾಗಿ ಕೇಬಲ್ ಕಿತ್ತು ಹಾಕಿದ್ರು. ಅವರ ಜತೆ ಅವರ ದುಡ್ಡೂ ಹೋಯ್ತು. 2023ರ ಮಾರ್ಚ್‌ನಲ್ಲಿ ಹತ್ತಾರು ತಂಡಗಳ ಪ್ರಸಾರ ಹಕ್ಕು ಹೊಂದಿದ್ದ ಡೈಮಂಡ್ ಸ್ಪೋರ್ಟ್ಸ್ ದಿವಾಳಿ ಅರ್ಜಿ ಹಾಕಿತು. ಅದರ ಕೈಬಿಟ್ಟುಹೋದ ಸ್ಯಾನ್ ಡಿಯೇಗೊ ಪಾಡ್ರೆಸ್ ತಂಡದ ಪಂದ್ಯಗಳನ್ನು ಬೇಸ್‌ಬಾಲ್ ಲೀಗ್ ತಾನೇ ಪ್ರಸಾರಕ್ಕೆ ತಗೊಂಡು, ನೇರವಾಗಿ ತಿಂಗಳಿಗೆ 19.99 ಡಾಲರ್‌ಗೆ ಮಾರಿತು. ಅದೇ ವರ್ಷ ಯೆಸ್ ನೆಟ್‌ವರ್ಕ್ ತನ್ನದೇ ಆ್ಯಪ್ ಮೂಲಕ ಬಿಡಿಯಾಗಿ ಸಿಗೋಕೆ ಶುರುವಾಯ್ತು. ಬೆಲೆ ತಿಂಗಳಿಗೆ 24.99 ಡಾಲರ್.

2002ರಲ್ಲಿ ಜಗಳ ಆಗಿದ್ದು 2 ಡಾಲರ್‌ಗೆ. ಹಣದುಬ್ಬರ ಎಷ್ಟು ಸೇರಿಸಿದ್ರೂ ಎರಡು ಇಪ್ಪತ್ತೈದಾಗಲ್ಲ. ಬೇಕಾದವರೇ ಕೊಡಲಿ ಅಂತ ಅವತ್ತು ಕೇಬಲ್‌ನವರು ಕೇಳಿದ ನ್ಯಾಯ ಈಗ ಸಿಕ್ಕಿದೆ. ಅದು ಅಭಿಮಾನಿಗೆ ಇಷ್ಟು ದುಬಾರಿ ಬೀಳುತ್ತೆ. ಆಟ ನೋಡದ ಅಜ್ಜಿಗೆ ಮಾತ್ರ ಬಿಲ್ ಇಳೀತು, ಅದೂ ಅನ್ಯಾಯ ಅಂತ ಹೇಳೋಕಾಗಲ್ಲ.

ಮುಂದಿನ ಸಲ ಮನೆಯ ಸೆಟ್‌ಟಾಪ್ ಬಾಕ್ಸ್ ರೀಚಾರ್ಜ್ ಮಾಡುವಾಗ ಪ್ಯಾಕ್‌ನ ಪಟ್ಟಿ ಒಮ್ಮೆ ಬಿಡಿಸಿ ನೋಡಿ. ನಿಮ್ಮ ಕ್ರಿಕೆಟ್‌ಗೆ ಮನೆಯಲ್ಲಿ ಯಾರ್ಯಾರು ದುಡ್ಡು ಕೊಡ್ತಿದ್ದಾರೆ, ಅವರ ಸೀರಿಯಲ್‌ಗೆ ನೀವೆಷ್ಟು ಕೊಡ್ತಿದ್ದೀರಿ ಅನ್ನೋ ಲೆಕ್ಕ ಅಲ್ಲೇ ಸಿಗುತ್ತೆ.